ಸೋಗೆ ನಮ್ಮದು, ಸಿಮೆಂಟು ಪಂಚಾಯಿತಿಯದು: ಒಂದು ಮೋರಿಯ ಪ್ರಕರಣ

ಕೊಪ್ಪ ತಾಲ್ಲೂಕಿನಲ್ಲಿ ತುಂಗೆಯನ್ನು ಸೇರುವ ಸಣ್ಣ ಹಳ್ಳಗಳಿಗೆ ಲೆಕ್ಕವಿಲ್ಲ. ಅವುಗಳಲ್ಲೊಂದು ನಮ್ಮ ಊರನ್ನು ಎರಡು ಹೋಳು ಮಾಡಿ ಹರಿಯುತ್ತದೆ. ಈಚೆ ದಂಡೆಯಲ್ಲಿ ಹದಿನಾಲ್ಕು ಮನೆ, ಆಚೆ ದಂಡೆಯಲ್ಲಿ ಒಂಬತ್ತು. ಶಾಲೆ, ಹಾಲಿನ ಡೈರಿ, ಬಸ್ಸು ನಿಲ್ಲುವ ಜಾಗ ಈಚೆ. ನಾಗಬನ, ಸ್ಮಶಾನ, ಊರಿನ ಅರ್ಧಕ್ಕಿಂತ ಹೆಚ್ಚು ಅಡಿಕೆ ತೋಟ ಆಚೆ. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವ ಈ ಹಳ್ಳ ಆರಿದ್ರಾ ಮಳೆ ಹಿಡಿಯಿತೆಂದರೆ ಕೆಂಪಗೆ ತುಂಬಿ, ಎದುರಿನವರು ಕೂಗಿದ್ದು ಕೇಳದಷ್ಟು ಸದ್ದು ಮಾಡುತ್ತದೆ.

2024ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಮುಗಿಯುವ ಹೊತ್ತಿಗೆ, ಈ ಹಳ್ಳಕ್ಕೆ ರಸ್ತೆಯಡಿ ಹಾಕಿದ್ದ ಮೋರಿ ಒಂದು ರಾತ್ರಿ ಕಟ್ಟಿಕೊಂಡಿತು. ನೀರು ರಸ್ತೆಯ ಮೇಲೆ ಹತ್ತಿ, ಆಚೆ ದಂಡೆಯ ಮಣ್ಣನ್ನು ಕೊರೆದು, ಒಬ್ಬರ ತೋಟದ ಮೂವತ್ತಕ್ಕೂ ಹೆಚ್ಚು ಫಸಲಿನ ಮರಗಳನ್ನು ಬುಡಸಹಿತ ಎತ್ತಿಕೊಂಡು ಹೋಯಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆಚೆಯ ಮನೆಗಳಿಗೆ ಹತ್ತು ದಿನ ವಾಹನವಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದು ಪತ್ರಿಕೆಯ ಜಿಲ್ಲಾ ಪುಟದ ನಾಲ್ಕು ಸಾಲಿಗೂ ಸಾಲದ ಸುದ್ದಿ. ಆದರೂ ಇದನ್ನು ಬರೆದಿಡಲು ಕಾರಣವಿದೆ. ಮೋರಿಯ ಬಾಯಿ ಕಟ್ಟಿದ್ದು ಒಂದೇ ರಾತ್ರಿಯಲ್ಲಾದರೂ ಅದನ್ನು ಬಿಡಿಸಿಡುವುದು ಯಾರ ಕೆಲಸ ಎಂಬ ಪ್ರಶ್ನೆ ಮೂರು ವರ್ಷದಿಂದ ಊರಿನಲ್ಲಿ ಸುಮ್ಮನೆ ಕುಳಿತಿತ್ತು.

ಸಂಕ ಇದ್ದಾಗ

2019ರ ಆಗಸ್ಟ್‌ವರೆಗೆ ಅಲ್ಲಿದ್ದದ್ದು ಕಾಲುಸಂಕ. ಬುಡಕ್ಕೆ ಎರಡು ಬಗನಿ ಮರದ ಕಾಂಡ, ಮೇಲೆ ಅಡಿಕೆ ಮರ ಸೀಳಿದ ದಬ್ಬೆ, ಹಿಡಿದುಕೊಳ್ಳಲು ಒಂದು ಪಕ್ಕಕ್ಕೆ ಮಾತ್ರ ಬಿದಿರು. ದಬ್ಬೆ ಎರಡು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ. ಹಾಗಾಗಿ ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲು ಮನೆಗೊಂದು ಆಳಿನಂತೆ ಸೇರಿ ಅದನ್ನು ಬಿಚ್ಚಿ ಕಟ್ಟುವುದು ರೂಢಿ. ನಮ್ಮಲ್ಲಿ ಅದಕ್ಕೆ ‘ಊರ ಕೆಲಸ’ ಎಂದಷ್ಟೇ ಹೆಸರು. ಆ ದಿನ ಯಾರ ಮನೆಯಿಂದ ಮರ, ಯಾರ ಮನೆಯಿಂದ ಮಧ್ಯಾಹ್ನದ ಗಂಜಿ ಎಂಬುದೆಲ್ಲ ಬಾಯಿಲೆಕ್ಕದಲ್ಲೇ ನಡೆಯುತ್ತಿತ್ತು.

2019ರ ಆಗಸ್ಟ್ ಮಳೆಯನ್ನು ಈ ಜಿಲ್ಲೆಯವರು ಮರೆಯುವುದಿಲ್ಲ. ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿಯಂಥ ಊರುಗಳೇ ಗುಡ್ಡದ ಕೆಳಗೆ ಸಿಕ್ಕಿಹೋದವು. ಅದರ ಮುಂದೆ ನಮ್ಮ ಸಂಕ ಕೊಚ್ಚಿಹೋದದ್ದು ಏನೂ ಅಲ್ಲ. ಆದರೆ ಅದಾದ ಮೇಲೆ ಮತ್ತೆ ದಬ್ಬೆ ಕಟ್ಟುವ ಮನಸ್ಸು ಯಾರಿಗೂ ಬರಲಿಲ್ಲ. ಸಂಕದಿಂದ ಜಾರಿಬಿದ್ದು ಶಾಲೆಯ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ಮಲೆನಾಡಿನವರೆಲ್ಲ ಓದಿದ್ದರು. ಸರ್ಕಾರವೂ ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಹಳ್ಳಗಳಿಗೆ ಕಾಂಕ್ರೀಟು ಹಾಕಿಸಲು ಹೊರಟಿತ್ತು. ನಮ್ಮ ಪಾಲಿಗೆ ಆ ಸೇತುವೆ ಬರಲಿಲ್ಲ, ಬೇರೊಂದು ಅನುದಾನದಲ್ಲಿ 2021ರ ಬೇಸಿಗೆಗೆ ಪೈಪು ಮೋರಿ ಬಂತು. ಜೀಪು ಆಚೆ ಹೋಯಿತು. ನಾಗಬನದ ಪೂಜೆಗೆ ಮೊದಲ ಬಾರಿಗೆ ಅರ್ಚಕರು ಸ್ಕೂಟರಿನಲ್ಲಿ ಬಂದರು. ಸಿಹಿ ಹಂಚಿದೆವು.

ಮೋರಿ ಎಂದರೆ ಏನು

ಸಂಕದ ಅಡಿಯಲ್ಲಿ ಹದಿನೆಂಟು ಅಡಿ ಅಗಲ, ಎಂಟು ಅಡಿ ಎತ್ತರ ಖಾಲಿ ಇತ್ತು. ಎಂದರೆ 144 ಚದರಡಿಯ ಬಾಗಿಲು. ಮೋರಿಗೆ ಹಾಕಿದ್ದು ಮೂರು ಅಡಿ ವ್ಯಾಸದ ಎರಡು ಪೈಪು. ಎರಡರ ಬಾಯಿ ಸೇರಿಸಿದರೂ 14 ಚದರಡಿಯ ಆಸುಪಾಸು. ಹತ್ತರಲ್ಲಿ ಒಂದು ಪಾಲು. ಈ ಗುಣಾಕಾರವನ್ನು ಕಟ್ಟುವ ದಿನ ನಾವ್ಯಾರೂ ಮಾಡಲಿಲ್ಲ. ಗುತ್ತಿಗೆದಾರರು ಮಾಡಿದ್ದರೋ ಏನೋ, ಹೇಳಲಿಲ್ಲ.

ನೀರಿಗೆ 14 ಚದರಡಿ ಬಹುತೇಕ ದಿನ ಸಾಕು. ಸಾಲದಿರುವುದು ನೀರು ಹೊತ್ತು ತರುವ ವಸ್ತುವಿಗೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಮೋರಿಗಿಂತ ಮೇಲೆ, ಹಳ್ಳದ ಎರಡೂ ಮಗ್ಗುಲಿಗೆ, ಇಪ್ಪತ್ತು ಎಕರೆಗೆ ಕಡಿಮೆಯಿಲ್ಲದಷ್ಟು ತೋಟವಿದೆ. ಅಲ್ಲಿಗೆ ವರ್ಷಕ್ಕೆ ಅರವತ್ತು ಸಾವಿರ ದಾಟಿತು. ಎಲೆಚುಕ್ಕಿ ರೋಗ ಬಂದ ಮೇಲೆ ಸೋಗೆ ಹೊತ್ತಿಗೆ ಮೊದಲೇ ಒಣಗಿ ಬೀಳುವುದೂ ಹೆಚ್ಚಾಗಿದೆ. ಮೊದಲೆಲ್ಲ ಬಿದ್ದ ಸೋಗೆ ಗೊಬ್ಬರದ ಗುಂಡಿಗೆ, ಮಾಡಿನ ಹೊದಿಕೆಗೆ, ಬಚ್ಚಲ ಒಲೆಗೆ ಹೋಗುತ್ತಿತ್ತು. ಈಗ ಮಾಡಿಗೆ ಶೀಟು, ಬಚ್ಚಲಿಗೆ ಗೀಸರು. ಆಳಿಗೆ ಕೂಲಿ ಕೊಟ್ಟು ಸೋಗೆ ಹೊರಿಸುವವರು ಯಾರು? ದಂಡೆಯ ಮೇಲೆ ಬಿದ್ದದ್ದನ್ನು ಕಾಲಿನಲ್ಲಿ ಹಳ್ಳಕ್ಕೆ ತಳ್ಳುವುದು ಸುಲಭ. ನಾನೂ ತಳ್ಳಿದ್ದೇನೆ.

ಅನಾಹುತದ ಮರುದಿನ ಬೆಳಿಗ್ಗೆ ಪೈಪಿನ ಬಾಯಲ್ಲಿ ಸಿಕ್ಕಿದ್ದನ್ನು ನೋಡಿದೆ. ಎಲ್ಲಕ್ಕಿಂತ ಒಳಗೆ ಸೋಗೆಯ ಬುಡದ ಒಂದು ಅಗಲವಾದ ಅಡಿಕೆ ಹಾಳೆ, ಪಾತ್ರೆಗೆ ಮುಚ್ಚಳ ಹಾಕಿದಂತೆ ಬಾಯಿಗೆ ಅಂಟಿಕೊಂಡಿತ್ತು. ಅದರ ಮೇಲೆ ಸೋಗೆಯ ಗರಿಗಳು ಬಾಚಣಿಗೆಯ ಹಲ್ಲಿನಂತೆ ನಿಂತು ತರಗೆಲೆಯನ್ನು ಹಿಡಿದಿದ್ದವು. ತರಗೆಲೆಯ ನಡುವೆ ಬಿದಿರಿನ ತುಂಡು, ಮೈಲುತುತ್ತದ ಖಾಲಿ ಚೀಲ, ನೀರಿನ ಬಾಟಲಿಗಳು, ಮಗುವಿನ ಡೈಪರು, ಯಾರದೋ ಎಡಗಾಲಿನ ಚಪ್ಪಲಿ. ಮನೆಗೆ ಇಂತಿಷ್ಟು ಎಂದು ಹೊಣೆ ಹಂಚಬೇಕೆಂದು ಹೊರಟವನಿಗೆ ಆ ಗುಡ್ಡೆಯಷ್ಟು ಪ್ರಾಮಾಣಿಕ ಪಟ್ಟಿ ಬೇರೆ ಸಿಗದು. ಮೈಲುತುತ್ತದ ಚೀಲ ತೋಟದವರದು, ಬಾಟಲಿ ಮೇಲಿನ ಹೋಂಸ್ಟೇಗೆ ಬಂದವರದು, ಡೈಪರು ಬೇಸಿಗೆ ರಜೆಗೆ ಬಂದ ನಮ್ಮದೇ ಮೊಮ್ಮಕ್ಕಳದು.

ಅದೇ ಬೆಳಿಗ್ಗೆ ಇನ್ನೊಂದು ಕೆಲಸವೂ ನಡೆಯಿತು. ಈಚೆಯ ನಾಲ್ಕು ಹುಡುಗರು, ಆಚೆಯ ಮೂವರು, ಬಿದ್ದ ಅಡಿಕೆ ಮರಗಳನ್ನೇ ಕಡಿದು ಎರಡು ಗಂಟೆಯೊಳಗೆ ಕೊರೆದುಹೋದ ಜಾಗಕ್ಕೆ ಸಂಕ ಹಾಕಿದರು. ‘ಇದು ಯಾರ ಕೆಲಸ’ ಎಂದು ಆಗ ಯಾರೂ ಕೇಳಲಿಲ್ಲ.

ಯಾರ ಕೆಲಸ?

ಆ ಪ್ರಶ್ನೆಯನ್ನು ನಾನೇ ಮನೆಮನೆಗೆ ಒಯ್ದೆ. ಮೂರು ಮನೆಗೆ ಬೀಗ. ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರು ಅವರೊಂದಿಗೆ. ಉಳಿದವರಲ್ಲಿ ಹೆಚ್ಚಿನವರ ಉತ್ತರ ಒಂದೇ: ಕಟ್ಟಿದವರು ಪಂಚಾಯಿತಿ, ನೋಡಿಕೊಳ್ಳಬೇಕಾದ್ದೂ ಪಂಚಾಯಿತಿ. ಇದು ಸುಳ್ಳಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಊರ ರಸ್ತೆ, ಚರಂಡಿ, ಮೋರಿಗಳ ನಿರ್ಮಾಣ ಮತ್ತು ನಿರ್ವಹಣೆ ಗ್ರಾಮ ಪಂಚಾಯಿತಿಯ ಪಾಲಿಗೇ ಬರುತ್ತದೆ. ಪಂಚಾಯಿತಿಯಲ್ಲಿ ಕೇಳಿದರೆ ಕ್ರಿಯಾ ಯೋಜನೆಯಲ್ಲಿ ಮೋರಿ ಕಟ್ಟಲು ಸಾಲಿದೆ, ಮೋರಿ ತೊಳೆಯಲು ಸಾಲಿಲ್ಲ ಎಂಬ ಉತ್ತರ. ಉದ್ಯೋಗ ಖಾತರಿಯಲ್ಲಿ ಮಾಡಿಸಿ ಎಂದು ಒಬ್ಬರು ಸಲಹೆ ಕೊಟ್ಟರು. 2024-25ಕ್ಕೆ ಅದರ ಕೂಲಿ ದಿನಕ್ಕೆ 349 ರೂಪಾಯಿ. ನಮ್ಮ ತೋಟಗಳಲ್ಲಿ ಗಂಡಾಳಿಗೆ ಅದಕ್ಕಿಂತ ಹೆಚ್ಚು ಸಿಗುವಾಗ ಹಳ್ಳಕ್ಕೆ ಇಳಿಯಲು ಯಾರು ಬರುತ್ತಾರೆ?

ನಾನು ಇನ್ನೊಂದು ಪ್ರಶ್ನೆ ಸೇರಿಸಿದೆ. ಹಾಗಾದರೆ ಈ ಊರಿನಲ್ಲಿ ಎಲ್ಲರೂ ಸೇರಿ ಮಾಡಲೇಬೇಕಾದ ಕೆಲಸ ಯಾವುದು? ಉತ್ತರಕ್ಕೆ ಯಾರೂ ತಡವರಿಸಲಿಲ್ಲ. ಸಾವಾದರೆ ಸೌದೆ ಕೂಡಿಸುವುದು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಜೀಪು ಹೊರಡಿಸುವುದು. ಬೇಸಿಗೆಯಲ್ಲಿ ಹುಲ್ಲಿನ ಬೇಣಕ್ಕೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಓಡುವುದು. ಮೇಯಲು ಹೋದ ದನ ಸಂಜೆಗೆ ಬಾರದಿದ್ದರೆ ಹುಡುಕುವುದು. ನಾಗಬನದ ಪೂಜೆ. ಒಬ್ಬ ಅಜ್ಜಿ ‘ಜಗಳ ಆದವರ ಮನೆಗೂ ಸೂತಕಕ್ಕೆ ಹೋಗುವುದು’ ಎಂದರು. ನಾಗರಿಕ ಜವಾಬ್ದಾರಿ ಎಂಬ ಪದವನ್ನು ಇವರಲ್ಲಿ ಯಾರೂ ಬಳಸುವವರಲ್ಲ. ಬಳಸಿದರೆ ಅದು ಸ್ವಾತಂತ್ರ್ಯ ದಿನದ ಭಾಷಣದ್ದು ಎಂದು ನಗುತ್ತಾರೆ. ಆದರೆ ಪಟ್ಟಿ ಮಾತ್ರ ಬಾಯಿಪಾಠ.

ಈ ಪಟ್ಟಿಯಲ್ಲಿ ಇರುವುದೆಲ್ಲ ಕಣ್ಣೆದುರು ಒಬ್ಬ ಮನುಷ್ಯ ಅಥವಾ ಒಂದು ಜೀವ ಇರುವ ಕೆಲಸ, ಇಲ್ಲವೇ ದೇವರ ಕೆಲಸ. ಮೋರಿಗೆ ಮುಖವಿಲ್ಲ. ನನಗೆ ಮೊದಲು ಹೊಳೆದದ್ದು ಇಷ್ಟೇ. ಆಮೇಲೆ ಒಂದು ಅಡ್ಡಿ ಕಂಡಿತು. ಗುಡ್ಡದ ಒರತೆಯಿಂದ ಪೈಪಿನಲ್ಲಿ ನಾಲ್ಕು ಮನೆಗೆ ಬರುವ ಅಬ್ಬಿ ನೀರಿಗೂ ಮುಖವಿಲ್ಲ. ಆದರೂ ಆ ಪೈಪಿನ ರಿಪೇರಿ ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಪೈಪು ಒಡೆದರೆ ಅದೇ ಬೆಳಿಗ್ಗೆ ನಾಲ್ಕೂ ಅಡುಗೆಮನೆಯಲ್ಲಿ ನಲ್ಲಿ ನಿಲ್ಲುತ್ತದೆ. ಯಾರು ಹೋಗಲಿಲ್ಲ ಎಂಬುದು ನಾಲ್ವರಿಗೂ ಗೊತ್ತಾಗುತ್ತದೆ. ಮೋರಿ ಕಟ್ಟಿಕೊಳ್ಳುವುದು ವರ್ಷಕ್ಕೊಮ್ಮೆ, ನಡುರಾತ್ರಿ. ಮೇಲಿನ ತೋಟದವನು ತಳ್ಳಿದ ಸೋಗೆಗೆ ಕೆಳಗಿನವನ ಮರ ಹೋಗುತ್ತದೆ. ತಳ್ಳಿದವನಿಗೂ ಕಳೆದುಕೊಂಡವನಿಗೂ ನಡುವೆ ಅರ್ಧ ಮೈಲಿ, ಆರು ತಿಂಗಳು.

ಶಾಲೆಯ ಜಗಲಿಯಲ್ಲಿ

ನವೆಂಬರಿನಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆಯೇ, ಶಾಲೆಯ ಜಗಲಿಯಲ್ಲಿ ಸೇರಿದೆವು. ಮೊದಲು ಮಾತಾಡಿದವರು ನಿವೃತ್ತ ಮೇಷ್ಟ್ರು. ಸಂವಿಧಾನದ 51ಎ ವಿಧಿ, 1976ರ 42ನೇ ತಿದ್ದುಪಡಿಯಲ್ಲಿ ಬಂದ ಹತ್ತು ಮೂಲಭೂತ ಕರ್ತವ್ಯ, 2002ರ 86ನೇ ತಿದ್ದುಪಡಿಯಲ್ಲಿ ಸೇರಿದ ಹನ್ನೊಂದನೆಯದು, ಎಲ್ಲವನ್ನೂ ಒಪ್ಪಿಸಿದರು. ಹಿಂದೆ ಕುಳಿತಿದ್ದ ಹುಡುಗನೊಬ್ಬ, ‘ಮೇಷ್ಟ್ರೆ, ಅದರಲ್ಲಿ ಹಾಳೆ ತೆಗೆಯುವುದು ಎಷ್ಟನೆಯದು?’ ಎಂದ. ನಕ್ಕರು. ಮೇಷ್ಟ್ರು ನಗಲಿಲ್ಲ. ‘ಏಳನೆಯದು ಕಾಡು, ಕೆರೆ, ನದಿ ಕಾಪಾಡುವುದು. ಒಂಬತ್ತನೆಯದು ಸಾರ್ವಜನಿಕ ಆಸ್ತಿ ಕಾಪಾಡುವುದು. ನಿನ್ನ ಹಾಳೆ ಎರಡಕ್ಕೂ ಬರುತ್ತದೆ, ಬೇಕಾದ್ದು ಆರಿಸಿಕೊ’ ಎಂದರು. ಆ ಕರ್ತವ್ಯಗಳನ್ನು ಮಾಡದಿದ್ದರೆ ಕೋರ್ಟು ಶಿಕ್ಷಿಸುವುದಿಲ್ಲ ಎಂಬುದನ್ನೂ ಅವರೇ ಸೇರಿಸಿದರು. ಸೇರಿಸಬಾರದಿತ್ತು.

ಆಮೇಲೆ ನಾನು ಎದ್ದೆ. ಮನೆಗೊಂದು ಆಳಿನ ಹಳೆಯ ಪದ್ಧತಿ ಎಷ್ಟು ಚೆನ್ನಾಗಿತ್ತು, ಕಾಂಕ್ರೀಟು ಬಂದ ಮೇಲೆ ನಾವು ಹೇಗೆ ಸ್ವಾರ್ಥಿಗಳಾದೆವು, ಅದನ್ನೇ ಮತ್ತೆ ತರಬೇಕು ಎಂದೆ. ಮಾತು ನನಗೇ ಹಿಡಿಸಿತ್ತು. ಆಚೆ ದಂಡೆಯ ಕಾಲೊನಿಯ ಹೆಣ್ಣುಮಗಳೊಬ್ಬರು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ಕುಳಿತಲ್ಲಿಂದಲೇ ಕೇಳಿದರು: ‘ಅಣ್ಣ, ಆಗ ನಿಮ್ಮ ಮನೆಯಿಂದ ಬರುತ್ತಿದ್ದ ಆಳು ಯಾರು?’

ನನ್ನ ಅಪ್ಪ ಹಳ್ಳಕ್ಕೆ ಇಳಿದದ್ದನ್ನು ನಾನು ನೋಡಿಲ್ಲ. ದಂಡೆಯ ಮೇಲೆ ನಿಂತು ದಬ್ಬೆ ಎಲ್ಲಿ ಕೂರಬೇಕೆಂದು ತೋರಿಸುತ್ತಿದ್ದರು.

‘ನಮ್ಮಪ್ಪ’ ಎಂದರು ಅವರೇ. ‘ನಿಮ್ಮ ಮನೆಯ ಪಾಲಿಗೆ ನಮ್ಮಪ್ಪ, ನಮ್ಮ ಮನೆಯ ಪಾಲಿಗೆ ನಮ್ಮಣ್ಣ. ಹತ್ತು ಮನೆಯ ಲೆಕ್ಕಕ್ಕೆ ಕಾಲೊನಿಯವರೇ ಇಳಿಯುತ್ತಿದ್ದರು. ಸಂಕದ ಮೇಲೆ ಹೊರೆ ಅಡಿಕೆ ದಾಟುತ್ತಿದ್ದದ್ದು ಯಾರದು ಎಂದು ನಾನು ಕೇಳುವುದಿಲ್ಲ.’

ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಈ ಪ್ರಕರಣದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಅದು ಆ ಹೊತ್ತಿನಲ್ಲಿ. ಸಂಕ ಹೋದ ಮೇಲೆ ಊರು ಕೆಟ್ಟಿತು ಎಂದು ನಾವು ಈಚೆಯವರು ಹಲುಬುತ್ತಿದ್ದೆವು. ಕಾಲೊನಿಯವರ ಮಟ್ಟಿಗೆ ಕಾಂಕ್ರೀಟು ಬಂದದ್ದು ಬಿಡುಗಡೆ. ಕೂಲಿಯಿಲ್ಲದ ಒಂದು ದಿನದ ದುಡಿಮೆ ತಪ್ಪಿತ್ತು. ಜೀತ ಪದ್ಧತಿಯನ್ನು 1976ರಲ್ಲೇ ಕಾನೂನು ತೆಗೆದುಹಾಕಿದೆ, ಅದೇ ವರ್ಷ ಕರ್ತವ್ಯಗಳ ಪಟ್ಟಿಯೂ ಬಂದಿದೆ. ಆದರೆ ‘ಊರ ಕೆಲಸ’ ಎಂಬ ಸಭ್ಯ ಹೆಸರಿನಡಿ ಬಿಟ್ಟಿಯ ನೆರಳು ನಮ್ಮ ಹಳ್ಳದಲ್ಲಿ ಇನ್ನೂ ಎಷ್ಟೋ ವರ್ಷ ಉಳಿದಿತ್ತು. ಎಲ್ಲರ ಕೆಲಸ ಎಂದು ನಾವು ಕರೆಯುತ್ತಿದ್ದದ್ದು ಕೆಲವರ ಕೆಲಸ. ಮೋರಿಗೆ ಯಾರೂ ಬಾರದಿದ್ದುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ‘ಮನೆಗೊಂದು ಆಳು’ ಎಂದು ಮತ್ತೆ ಕೂಗಿದರೆ ಇಳಿಯುವವರು ಯಾರೆಂಬುದು ಇಳಿದವರಿಗೆ ಗೊತ್ತಿತ್ತು.

ಪಾಲು ಹೇಗೆ?

ಅಲ್ಲಿಂದ ಚರ್ಚೆ ದಾರಿಗೆ ಬಂತು. ಮನೆಗೆ ಒಂದು ಪಾಲು ಎಂದರೆ ಐದು ಸೆಂಟು ಜಾಗದವರಿಗೂ ಐದು ಎಕರೆಯವರಿಗೂ ಒಂದೇ. ಎಕರೆಗೆ ಇಷ್ಟು ಎಂದರೆ ಹೋಂಸ್ಟೇಯವರು ಬಚಾವು. ಅವರ ಜಾಗ ಚಿಕ್ಕದು, ವಾಹನ ಹೆಚ್ಚು. ಬಳಕೆಯ ಮೇಲೆ ಎಂದರೆ ಅಳೆಯುವವರು ಯಾರು? ಮೂರು ಸಲ ಸೇರಿದೆವು, ಎರಡು ಸಲ ಜಗಳವಾಗಿ ಎದ್ದೆವು. ಕೊನೆಗೆ ಒಪ್ಪಿದ್ದು ಹೀಗೆ. ಹಳ್ಳಕ್ಕೆ ತಾಗಿದ ತೋಟದವರು ತಮ್ಮ ದಂಡೆಯ ಸೋಗೆಯನ್ನು ಮಳೆಗೆ ಮೊದಲು ಹತ್ತು ಅಡಿ ಒಳಗೆ ಸರಿಸಬೇಕು. ಅದು ಊರ ಕೆಲಸವಲ್ಲ, ಅವರವರ ಕೆಲಸ. ಮೋರಿಯ ಬಾಯಿ ಬಿಡಿಸುವುದಕ್ಕೆ ಮಾತ್ರ ಮನೆಗೆ ಒಬ್ಬರು. ಆದರೆ ಆಳನ್ನು ಕಳಿಸುವಂತಿಲ್ಲ, ಮನೆಯವರೇ ಬರಬೇಕು. ಬಾರದವರು ಆ ದಿನದ ಕೂಲಿಯನ್ನು ಕಟ್ಟಬೇಕು. ಬೀಗ ಹಾಕಿದ ಮನೆಗಳಿಗೂ ಇದೇ ನಿಯಮ. ಜಮೀನಿಲ್ಲದ ಮನೆಗಳಿಂದ ದುಡ್ಡು ಕೇಳುವುದಿಲ್ಲ.

‘ಆಳನ್ನು ಕಳಿಸುವಂತಿಲ್ಲ’ ಎಂಬ ಸಾಲು ಬರೆಸಿದ್ದು ಅದೇ ಹೆಣ್ಣುಮಗಳು. ಯಾರು ಬಂದರು, ಯಾರದು ಬಾಕಿ ಎಂದು ಬರೆದಿಡುವ ಪುಸ್ತಕವೂ ಅವರ ಕೈಗೇ ಹೋಯಿತು. ನಾನು ಇಟ್ಟುಕೊಳ್ಳುತ್ತೇನೆ ಎಂದಿದ್ದೆ. ಯಾರೂ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಪಂಚಾಯಿತಿಯನ್ನು ಕೈಬಿಡಬಾರದು ಎಂಬುದರಲ್ಲಿ ನನಗೆ ಹಟವಿತ್ತು. ಜನ ಶ್ರಮದಾನ ಮಾಡಿದರೆಂದರೆ ಕಚೇರಿಗಳು ಚಪ್ಪಾಳೆ ತಟ್ಟಿ ತಮ್ಮ ಪಾಲನ್ನೂ ಜನರ ತಲೆಗೇ ಬಿಡುತ್ತವೆ. ಸ್ವಯಂಪ್ರೇರಿತ ಶ್ರಮ, ವಂತಿಗೆ ಕೂಡಿಸುವುದು ಗ್ರಾಮಸಭೆಯ ಕೆಲಸಗಳಲ್ಲಿ ಒಂದು ನಿಜ, ಆದರೆ ಅದು ಪಂಚಾಯಿತಿಯ ಹೊಣೆಗೆ ಬದಲಿಯಲ್ಲ. ಹಾಗಾಗಿ ಅರ್ಜಿಯಲ್ಲಿ ನೇರವಾಗಿ ಬರೆದೆವು: ಸೋಗೆ ನಮ್ಮದು, ಸಿಮೆಂಟು ನಿಮ್ಮದು. ಕೊರೆದ ದಂಡೆಗೆ ಕಲ್ಲು ಕಟ್ಟಬೇಕು, ಪೈಪು ತೆಗೆದು ಚಪ್ಪಡಿ ಮೋರಿ ಹಾಕಬೇಕು. ಗ್ರಾಮಸಭೆಯ ನಡಾವಳಿಯಲ್ಲಿ ಅದು ದಾಖಲಾಗುವವರೆಗೆ ಎದ್ದು ಹೋಗಲಿಲ್ಲ. ದಂಡೆಗೆ ಕಲ್ಲು ಬಂದಿದೆ. ಚಪ್ಪಡಿ ಮೋರಿ ಬಂದಿಲ್ಲ.

2025ರ ಮಳೆ

ಜೂನ್ 1, ಭಾನುವಾರ ಎಂದು ದಿನ ಗೊತ್ತುಮಾಡಿದ್ದೆವು. ಮಳೆ ನಮ್ಮ ನಡಾವಳಿ ಓದುವುದಿಲ್ಲ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಇಲ್ಲಿ ಆಗಲೇ ಹಳ್ಳ ಕೆಂಪಾಗತೊಡಗಿತ್ತು. ಶನಿವಾರ ರಾತ್ರಿ ವಾಟ್ಸ್ಆ್ಯಪಿನಲ್ಲಿ ಸಂದೇಶ ಹೋಯಿತು; ಮರುದಿನ ಬೆಳಿಗ್ಗೆ ಸುರಿಯುವ ಮಳೆಯಲ್ಲೇ ಇಳಿದೆವು. ಹದಿಮೂರು ಮನೆಯವರು ಬಂದಿದ್ದರು. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಆ ಹಳ್ಳಕ್ಕೆ ಕೆಲಸಕ್ಕೆಂದು ಇಳಿದದ್ದು ಅಂದು. ಹಾಳೆಯೊಂದನ್ನು ಹಿಡಿದು ಎಳೆದೆ, ಬರಲಿಲ್ಲ. ನೀರು ಅದನ್ನು ಪೈಪಿಗೆ ಒತ್ತಿ ಹಿಡಿದಿತ್ತು. ‘ಎಳೆಯಬೇಡಿ, ಅಂಚಿಗೆ ಕತ್ತಿ ಹಾಕಿ ಸೀಳಿ’ ಎಂದು ಪಕ್ಕದಲ್ಲಿದ್ದವರು ತೋರಿಸಿಕೊಟ್ಟರು. ಸೀಳಿದ ಮೇಲೆ ಎರಡು ತುಂಡಾಗಿ ತಾನೇ ಒಳಗೆ ಹೋಯಿತು.

ಮೋರಿಗಿಂತ ಮೂವತ್ತು ಅಡಿ ಮೇಲೆ, ಹಳ್ಳಕ್ಕೆ ಓರೆಯಾಗಿ, ಬಿದಿರಿನ ಗೂಟ ನೆಟ್ಟು ಸೋಗೆ ತಡೆಯುವ ಉಪಾಯವನ್ನೂ ಮಾಡಿದೆವು. ಮೊದಲ ದೊಡ್ಡ ಮಳೆಗೆ ಗೂಟಗಳೇ ಬಂದು ಮೋರಿಗೆ ಸಿಕ್ಕಿಕೊಂಡವು. ಮತ್ತೆ ಆಳವಾಗಿ, ಬಗನಿ ಕಂಬ ನೆಟ್ಟೆವು, ಅವು ನಿಂತಿವೆ. ಹೋಂಸ್ಟೇಯವರು ಹಣ ಕೊಟ್ಟರು, ಇಳಿಯಲಿಲ್ಲ. ಬೀಗದ ಮನೆಗಳಲ್ಲಿ ಎರಡು ಕೂಡಲೇ ಹಣ ಕಳಿಸಿದವು. ಮೂರನೆಯವರು, ‘ನಾವು ಮೋರಿ ದಾಟುವುದೇ ಇಲ್ಲವಲ್ಲ’ ಎಂದರು. ಅವರ ತೋಟದ್ದೇ ಹೆಚ್ಚು ಸೋಗೆ. ಆ ಜಗಳ ಇನ್ನೂ ಇದೆ. ಅಜ್ಜಿಗೆ ಪಾಲು ಬೇಡ ಎಂದಾಗ ಅವರು ಸಿಟ್ಟಾಗಿ, ದೊಡ್ಡ ಪಾತ್ರೆಯಲ್ಲಿ ಕಾಫಿ ಹೊರಿಸಿಕೊಂಡು ಬಂದು, ತನ್ನ ಹೆಸರಿನ ಮುಂದೆ ‘ಬಂದಿದ್ದಾರೆ’ ಎಂದು ಬರೆಸಿಯೇ ಹೋದರು. ದಿನ ಈಗ ಮೇ ತಿಂಗಳ ಎರಡನೆಯ ಭಾನುವಾರಕ್ಕೆ ಬದಲಾಗಿದೆ.

ಆ ಮಳೆಗಾಲದಲ್ಲಿ ನೀರು ಎರಡು ಸಲ ರಸ್ತೆಯ ಅಂಚಿನವರೆಗೆ ಬಂತು, ಹತ್ತಲಿಲ್ಲ. ನಮ್ಮ ಕೆಲಸದಿಂದಲೋ, ಮಳೆ ಒಂದೇ ರಾತ್ರಿ ಸುರಿಯದೆ ಹಂಚಿ ಸುರಿದದ್ದರಿಂದಲೋ ನಾನು ಪಣ ಕಟ್ಟುವುದಿಲ್ಲ.

ಜುಲೈಯಲ್ಲಿ ಇನ್ನೊಂದು ದಿನ ಬಾಯಿ ಬಿಡಿಸಬೇಕಾಯಿತು. ಅಂದು ನಾನು ಶಿವಮೊಗ್ಗದಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿದ್ದೆ. ನಮ್ಮ ತೋಟದ ಕೆಲಸದವನಿಗೆ ಫೋನು ಮಾಡಿ ಹೋಗಿ ಬಾ ಎಂದೆ. ಅವನು ಹೋದ, ದುಡಿದ. ಮರುವಾರ ಪುಸ್ತಕ ನೋಡಿದೆ. ಅವನ ಹೆಸರು ಅವನ ಮನೆಯ ಸಾಲಿನಲ್ಲಿ, ‘ಬಂದಿದ್ದಾರೆ’ ಎಂದು. ನನ್ನ ಮನೆಯ ಸಾಲಿನಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ, ‘ಬಾಕಿ’.